ತಂಗಿಗೆ ಬರುತ್ತಿದ್ದ ಕಾಯಿಲೆ

ನಿನ್ನೆ ಮಾಡಿದ ಕೆಲಸಗಳು: ಬೆಳಿಗ್ಗೆ ಎದ್ದು ಗರಾಜಿನ ಮುಂದಿನ ಹಿಮ ತಳ್ಳಿದ್ದು. ದೋಸೆ ಹಿಟ್ಟು ಹುಳಿ ಬಂದಿರಲಿಲ್ಲ, ಓವನ್ನಿನ ದೀಪ ಹಾಕಿ ಒಳಗಿಟ್ಟಿದ್ದು. ಮಗಳನ್ನು ಸ್ಕೂಲಿಗೆ ಬಿಟ್ಟು ಬರುತ್ತಾ ಒಂದು ಗ್ಯಾಲನ್ ಹಾಲು, ಕೊತ್ತಂಬರಿ ತಂದಿದ್ದು. ಎರಡು ಲೋಡ್ ಬಟ್ಟೆ ಒಗೆದು, ಡ್ರೈಯರಿನ ಜಾಲರಿಯಲ್ಲಿ ಕಟ್ಟಿಕೊಂಡಿದ್ದ ನೂಲು ಕೆರೆದು ತೆಗೆದಿದ್ದು. ನಮ್ಮವರ ಕೋಟಿನ ಗುಂಡಿ ಹೊಲಿದಿದ್ದು. ಶರ್ಟುಗಳಿಗೆ ಇಸ್ತ್ರಿ ಹಾಕುತ್ತಿದ್ದೆ, ಮೂರನೆಯದರ ಕಾಲರಿಗೆ ಬಂದಿದ್ದೆ. ಆಗ ಮಿಶಿಗನ್ನಿನ ನಂಬರಿನಿಂದ ಫೋನ್ ಬಂತು.

ವೆಸ್ಟ್ ಬ್ಲೂಮ್‌ಫೀಲ್ಡಿನಿಂದ ಅಕ್ಕನ ತಮ್ಮನ ಹೆಂಡತಿ. ಅಕ್ಕ ಅಂದರೆ ನನ್ನ ಒಡಹುಟ್ಟಿದವರಲ್ಲ. ನಾನು ಶಿಕಾಗೋ ಹತ್ತಿರದ ಡೆಸ್ ಪ್ಲೇನ್ಸಿನಲ್ಲಿ ವಿಮಾನದ ಸರಕು ಕಳಿಸುವ ಆಫೀಸೊಂದರಲ್ಲಿ ಕೆಲಸಕ್ಕಿದ್ದಾಗ ನನ್ನ ಮೇಲಿದ್ದವರು. ಧಾರವಾಡದ ಕಡೆಯವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು, ಗಂಡ ಇಲ್ಲದೆ ಒಂಟಿಯಾಗಿದ್ದವರು. ನೇಪರ್‌ವಿಲ್ಲಿನಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆಗೆ ಅವರ ಅಪಾರ್ಟ್‌ಮೆಂಟು. ಐದು ವರ್ಷ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗಿ ಬಂದೆವು. ಆಮೇಲೆ ಎರಡು ವರ್ಷ, ಒಂದು ಭೇಟಿ ಬಿಟ್ಟರೆ, ಮಾತಿಲ್ಲ.

"ಅತ್ತಿಗೆ ಹೋಗ್ಬಿಟ್ರು ರೀ," ಅಂದರು ಆಕೆ. "ಭಾನುವಾರ ಬೆಳಿಗ್ಗೆ. ಹಾರ್ಟು. ನಿನ್ನೆ ಸಂಸ್ಕಾರ ಎಲ್ಲ ಮುಗೀತು. ತಿಂಡಿ ತಿಂದು ಕೂತಿದ್ರು, ಎದೆ ಹಿಡಿದಂಗಾಗ್ತಿದೆ ಅಂದ್ರು. ನಾನು ನೈನ್ ಒನ್ ಒನ್‌ಗೆ ಫೋನ್ ಮಾಡಿ ಆಂಬುಲೆನ್ಸ್ ಕರೀತೀನಿ ಅಂತ ಎದ್ದೆ. ಕೈ ಹಿಡಿದು ಕೂರಿಸಿಬಿಟ್ರು. 'ಇದು ನನಗ ಗೊತ್ತಿರೋದು. ಬರ್ತದ, ಹೋಗ್ತದ. ಹತ್ತು ನಿಮಿಷ ತಡಿ' ಅಂದ್ರು. ಇಬ್ರೂ ಗಡಿಯಾರ ನೋಡ್ಕೊಂಡು ಕೂತಿದ್ವಿ ರೀ."

ಏನಾದರೂ ಕೇಳಬೇಕಲ್ಲ ಅಂತ, "ಹುಬ್ಬಳ್ಳಿಯಲ್ಲಿರೋ ಅವರ ತಂಗಿಗೆ ತಿಳಿಸಿದ್ರಾ?" ಅಂದೆ.

"ಯಾವ ತಂಗಿ? ಮೂರು ಜನ ತಮ್ಮಂದಿರು, ಇವರೊಬ್ರೇ ಹೆಣ್ಣು." ಆಮೇಲೆ ಆಕೆಯೇ ಕೇಳಿದರು. "ನೀವು ಅವರ ಜೊತೆ ಅಷ್ಟು ವರ್ಷ ಇದ್ದವರು. ಗೊತ್ತಿರೋದು ಅಂದ್ರಲ್ಲ, ಏನದು? ಯಾವುದಾದ್ರೂ ಕಾಯಿಲೆ ಇತ್ತಾ? ಅವರ ಮಾತು ಕೇಳದೆ ನಾನು ಫೋನ್ ಮಾಡಿಬಿಡ್ಬೇಕಿತ್ತು. ಮೂರು ದಿನದಿಂದ ಒಂದು ತುತ್ತು ಇಳೀತಿಲ್ಲ. ನಿಮಗೆ ಗೊತ್ತಿದ್ರೆ ಹೇಳಿ."

"ಒಲೆ ಮೇಲೆ ಕುಕ್ಕರಿದೆ, ಸಂಜೆ ಮಾಡ್ತೀನಿ," ಅಂದೆ. ಒಲೆಯ ಮೇಲೆ ಕುಕ್ಕರ್ ಇರಲಿಲ್ಲ.

ಅವರಿಗೆ ತಂಗಿ ಇರಲಿಲ್ಲ. ಇಸ್ತ್ರಿ ಪೆಟ್ಟಿಗೆ ಆರಿಸಿ, ಮೆಟ್ಟಿಲ ಮೇಲೆ ಕೂತು, ಆ ಮಾತನ್ನೇ ನಾಲ್ಕೈದು ಸಲ ಹೇಳಿಕೊಂಡೆ.

ಅಕ್ಕ ಹೇಗಿದ್ದರು ಅಂದರೆ, ಸೀರೆಯ ಕೆಳಗೆ ಮೊಣಕಾಲಿನವರೆಗೆ ಹಿಮದ ಬೂಟು, ಮೇಲೆ ಗಂಡಸರ ಕೋಟು. ಆಫೀಸಿನ ಡ್ರಾಯರಿನಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ. ಸರಕಿನ ಕಾಗದಗಳನ್ನು ಹಸಿರು ಶಾಯಿಯಲ್ಲಿ ತಿದ್ದುತ್ತಿದ್ದರು; ಕೆಂಪು ಶಾಯಿ ಕಂಡರೆ ಹುಡುಗರ ಎದೆ ಹಾರುತ್ತದೆ ಅಂತ. ಡೆಟ್ರಾಯ್ಟಿಗೆ ಹೋಗುವ ಕಾರಿನ ಬಿಡಿಭಾಗಗಳ ಪೆಟ್ಟಿಗೆಗೆ ತೂಕ ತಪ್ಪಾಗಿ ಬರೆದ ಹೊಸ ಹುಡುಗಿಯನ್ನು ಮ್ಯಾನೇಜರ್ ಬೈಯುವ ಮುಂಚೆ ತಾವೇ ಬೈದು, ಆಮೇಲೆ ಅವಳಿಗೆ ಕಿತ್ತಳೆ ಬಿಡಿಸಿ ಕೊಟ್ಟಿದ್ದರು. ನಲವತ್ತಮೂರು ವರ್ಷದ ನನ್ನನ್ನು "ಏ ಹುಡುಗಿ" ಅನ್ನುತ್ತಿದ್ದರು.

ಇನ್ನೂ ಕೆಲವು ಅಭ್ಯಾಸಗಳಿದ್ದವು. ಮೀಟಿಂಗಿನಲ್ಲಿ ಬಾಗಿಲ ಪಕ್ಕದ ಕುರ್ಚಿಯೇ ಬೇಕು. ನಾಲ್ಕನೇ ಮಹಡಿಗೆ ಲಿಫ್ಟ್ ಇದ್ದರೂ ಮೆಟ್ಟಿಲು: "ಮೊಣಕಾಲಿಗೆ ಚಲೋ." ದೇವಸ್ಥಾನದಲ್ಲಿ ಎಷ್ಟು ಜಾಗವಿದ್ದರೂ ಚಪ್ಪಲಿ ಬಿಡುವ ಕಡೆಯ ಕೊನೆಯ ಸಾಲು. ಕೈಯಲ್ಲಿ ಯಾವಾಗಲೂ ನೀರಿನ ಬಾಟಲಿ. ಟೋಲ್‌ವೇ ಹೆದ್ದಾರಿಯ ಮೇಲೆ ಅವರು ಕಾರು ಓಡಿಸುತ್ತಿರಲಿಲ್ಲ. "ಆ ದೊಡ್ಡ ಲಾರಿ ಸದ್ದು ನನಗ ಆಗಿ ಬರಂಗಿಲ್ಲ. ನೀ ಓಡಸು, ನಾ ಮಾತಾಡ್ತೀನಿ." ನಾನು ಅದನ್ನೆಲ್ಲ ಅವರ ಶಿಸ್ತು, ಅವರ ಗತ್ತು ಅಂದುಕೊಂಡಿದ್ದೆ. ಹತ್ತಿರ ಕೂತು ಐದು ವರ್ಷ ನೋಡಿದ್ದೇನೆ. ನನಗೆ ಅದೇ ಕಾಯಿಲೆ ಬಂದಮೇಲೂ ನೋಡಿದ್ದೇನೆ. ಆದರೂ ಹೊಳೆಯಲಿಲ್ಲ.

ನನಗೆ ಅದು ಮೊದಲು ಬಂದದ್ದು ರಿಸೆಷನ್ನಿನ ಮೊದಲ ವರ್ಷ. ನಮ್ಮವರು ಕೆಲಸ ಮಾಡುತ್ತಿದ್ದ ಬಿಡಿಭಾಗಗಳ ಕಂಪನಿ ಮುಚ್ಚಿ ಒಂಬತ್ತು ದಿನವಾಗಿತ್ತು. ನಮ್ಮ ಬಡಾವಣೆಯಲ್ಲೇ ಮೂರು ಮನೆಗಳ ಮುಂದೆ 'ಮಾರಾಟಕ್ಕಿದೆ' ಬೋರ್ಡು ಬಂದಿತ್ತು. ಇಡೀ ಮನೆಯ ಹೆಲ್ತ್ ಇನ್ಶೂರೆನ್ಸು ನನ್ನ ಕೆಲಸಕ್ಕೆ ನೇತುಬಿದ್ದಿತ್ತು. ನಮ್ಮವರಿಗೆ ಸಕ್ಕರೆ ಕಾಯಿಲೆ, ಮಗಳಿಗೆ ಆಸ್ತಮಾ. ಅವತ್ತು ಬೆಳಿಗ್ಗೆ ಟೋಲ್‌ವೇ ಮೇಲೆ ಅರವತ್ತು ಮೈಲಿ ವೇಗದಲ್ಲಿದ್ದೇನೆ, ಇದ್ದಕ್ಕಿದ್ದಂತೆ ಎದೆ ಬಡಿದುಕೊಳ್ಳಲು ಶುರುವಾಯಿತು. ಬೆರಳ ತುದಿಗಳು ಜುಮ್ಮೆಂದವು. ಗಾಳಿ ಸಾಲದು. ಎದುರಿನ ರಸ್ತೆ ಗಾಜಿನ ಆಚೆ ಎಲ್ಲೋ ಇದ್ದ ಹಾಗೆ. ಸಾಯುತ್ತಿದ್ದೇನೆ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ.

"ಅಕ್ಕಾ, ನನಗೇನೋ ಆಗ್ತಿದೆ."

ಅವರು ನನ್ನ ಮುಖ ನೋಡಿದರು. ಗಾಬರಿಯಾಗಲಿಲ್ಲ. "ಇಂಡಿಕೇಟರ್ ಹಾಕು. ಕನ್ನಡಿ ನೋಡು. ಹಂಗ ನಿಧಾನಕ ಬಾಜೂಕ ತಗೋ. ನಿಂತ್ಯಾ? ಬ್ರೇಕ್ ಹಾಕು. ಈಗ ಉಸಿರು ತಗೊಳ್ಳೋದು ಬಿಡು, ಹೊರಗ ಹಾಕು. ಚಾ ಆರಸ್ತೀವಲ್ಲ, ಹಂಗ ಊದು. ಇನ್ನಷ್ಟು ಉದ್ದಕ."

ಹತ್ತು ಹನ್ನೆರಡು ನಿಮಿಷಕ್ಕೆ ಇಳಿಯಿತು. ನಾನು ಆಫೀಸಿಗೇ ಹೋಗೋಣ ಅಂದೆ. ಅವರು ಬಿಡಲಿಲ್ಲ. "ಮೊದಲು ಆಸ್ಪತ್ರಿ. ಎದಿ ಅಂದಮ್ಯಾಲೆ ಡಾಕ್ಟರ್ ನೋಡಿ ಹೃದಯ ಚಲೋ ಅದ ಅನ್ಲಿ. ಆಮ್ಯಾಲೆ ಬಾಕಿ ಮಾತು." ಇಸಿಜಿ ಆಯಿತು, ರಕ್ತಪರೀಕ್ಷೆ ಆಯಿತು. ಹೃದಯಕ್ಕೆ ಏನೂ ಇಲ್ಲ, ಪ್ಯಾನಿಕ್ ಅಟ್ಯಾಕ್ ಅಂದರು. ನನಗೆ ನಾಚಿಕೆಯಾಯಿತು. ಹಾಗಾದರೆ ಇದೆಲ್ಲ ನನ್ನ ನಾಟಕವಾ ಅಂತ ಅತ್ತುಬಿಟ್ಟೆ.

"ನಾಟಕ ಆಗಿದ್ರ ನೀ ಹಿಂಗ ಬೆವರ್ತಿದ್ದೇನು?" ಅಂದರು ಅಕ್ಕ. "ಇದು ಖರೇನ ಬರ್ತದ. ಆದ್ರ ಕೊಲ್ಲಂಗಿಲ್ಲ. ನಮ್ಮ ತಂಗಿಗೂ ಇದ ಬರ್ತಿತ್ತು, ಹುಬ್ಬಳ್ಳ್ಯಾಗ. ನಾನ ನೋಡೀನಿ."

ಆ ತಂಗಿಯ ಬಗ್ಗೆ ಅವರು ಎಷ್ಟು ಹೇಳಿದ್ದರು! ತಂಗಿ ಒಮ್ಮೆ ಬಸ್ಸಿನಿಂದ ನಡುದಾರಿಯಲ್ಲಿ ಇಳಿದುಬಿಟ್ಟದ್ದು. ಮದುವೆ ಮನೆಯ ಜನ ನೋಡಿ ಹಿತ್ತಲಿಗೆ ಹೋಗಿ ಕೂತದ್ದು. ಅದು ಮತ್ತೆ ಬಂದೀತು ಎಂಬ ಹೆದರಿಕೆಗೇ ಒಂದೊಂದಾಗಿ ಎಲ್ಲ ಕಡೆ ಹೋಗುವುದನ್ನು ಬಿಟ್ಟದ್ದು. "ಅಲ್ಲೇ ಆಕಿ ತಪ್ಪಿದ್ದು ನೋಡು. ಓಡಿದಷ್ಟು ಅದು ಬೆನ್ನು ಹತ್ತತದ. ಬ್ಯಾಡಾದ ಮಂದಿ ಮನಿಗೆ ಬಂದ್ರ ಏನ ಮಾಡ್ತೀವಿ? ಕೂಡ್ರಿ ಅಂತೀವಿ, ನೀರು ಕೊಡ್ತೀವಿ, ನಮ್ಮ ಕೆಲಸ ನಾವು ಮಾಡ್ತೀವಿ. ಎಷ್ಟೊತ್ತು ಕೂತಾರು? ಎದ್ದು ಹೋಗ್ತಾರ."

ನಾನು ಒಂದು ವಾರ ಟೋಲ್‌ವೇ ಹತ್ತಲಿಲ್ಲ. ಒಳರಸ್ತೆಗಳಲ್ಲಿ ಒಂದೂವರೆ ಗಂಟೆ. ಎಂಟನೇ ದಿನ ಅಕ್ಕ ಬೆಳಿಗ್ಗೆ ಐದೂಮುಕ್ಕಾಲಿಗೇ ಬಂದು ಕಾರಿನಲ್ಲಿ ಕೂತರು. "ಇವತ್ತ ಒಂದ ಎಕ್ಸಿಟ್. ಅಲ್ಲಿ ಇಳದು ಚಾ ಕುಡಿಯೋಣು." ಎರಡು ದಿನ ಒಂದು, ಆಮೇಲೆ ಎರಡು, ಆಮೇಲೆ ನಾಲ್ಕು. ಅದು ಬಂದರೆ ನಾನು ಜೋರಾಗಿ ಹೇಳಬೇಕು: ಬಿಳಿ ಲಾರಿ, ನೀರಿನ ಟ್ಯಾಂಕು, ಹಸಿರು ಬೋರ್ಡು, ನನ್ನ ಬಳೆ, ಅಕ್ಕನ ಬೂಟು. ಕಣ್ಣಿಗೆ ಕಂಡ ಐದು. ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದನ್ನೂ ಅವರೇ ಕಲಿಸಿದರು: ಎಲ್ಲಿ ಬಂತು, ಎಷ್ಟು ಹೊತ್ತು ಇತ್ತು, ಏನಾಗುತ್ತದೆ ಅಂತ ಹೆದರಿದೆ, ಕೊನೆಗೆ ಏನಾಯಿತು. ಬರೆಯುವುದು ನನಗೆ ಕಷ್ಟವಲ್ಲ. ಕೊನೆಯ ಕಾಲಮ್ಮಿನಲ್ಲಿ ಪುಟಗಟ್ಟಲೆ ಒಂದೇ ಮಾತು ಇತ್ತು: ಏನೂ ಆಗಲಿಲ್ಲ.

ಡಾಕ್ಟರು ಮಾತ್ರೆ ಬರೆದುಕೊಟ್ಟಾಗ ನಾನು ಹಿಂಜರಿದೆ. "ನಿನ್ನ ಗಂಡ ಸಕ್ಕರಿ ಗುಳಿಗಿ ನುಂಗಂಗಿಲ್ಲೇನು? ನುಂಗು," ಅಂದರು. ವಾರಕ್ಕೊಮ್ಮೆ ಕೌನ್ಸೆಲರ್ ಹತ್ತಿರ ಹೋಗಲು ಬುಧವಾರ ಮಧ್ಯಾಹ್ನದ ನನ್ನ ಕೆಲಸ ತಾವು ಮಾಡಿದರು. ಅಷ್ಟು ಮಾಡಿದರು. ಅದನ್ನು ಇಲ್ಲ ಅನ್ನಲಾರೆ.

ನಮ್ಮವರು ಮಾತ್ರ ಮೊದಲ ದಿನವೇ ಹೇಳಿದ್ದರು. "ಇದನ್ನ ಯಾರಿಗೂ ಹೇಳ್ಬೇಡ. ಆಫೀಸಲ್ಲಿ ಗೊತ್ತಾದ್ರೆ ಕೆಲಸದಿಂದ ತೆಗೆಯೋರ ಲಿಸ್ಟಲ್ಲಿ ಮೊದಲು ನಿನ್ನ ಹೆಸರೇ ಹಾಕ್ತಾರೆ."

"ಅಕ್ಕನಿಗೆ ಗೊತ್ತಲ್ಲ."

"ಅವರು ಬಿಡು. ಅವರು ಹೊರಗಿನವರಾ?"

ಅಕ್ಕನಿಗೆ ಇನ್ನೊಂದು ಅಭ್ಯಾಸವಿತ್ತು, ನಮ್ಮ ಹಿರಿಯರಿಗೆಲ್ಲ ಇರುವಂಥದ್ದು. ನನ್ನ ಪರವಾಗಿ ಅವರೇ ಉತ್ತರ ಕೊಡುತ್ತಿದ್ದರು. ಕನ್ನಡದವರ ಹಬ್ಬದ ಊಟದಲ್ಲಿ ಬಡಿಸಲು ಬಂದರೆ, "ಆಕಿಗೆ ಸಾಕು, ಪಾಯಸಕ್ಕ ಜಾಗ ಇರ್ಲಿ." ಆಫೀಸಿನಲ್ಲಿ ಪಿಜ್ಜಾ ತರಿಸಿದರೆ, "ಆಕಿ ಮೊಟ್ಟಿ, ಮಾಂಸ ತಿನ್ನಂಗಿಲ್ಲ." ನಾನು ಬಾಯಿ ತೆರೆಯಬೇಕಾಗಿಯೇ ಇರಲಿಲ್ಲ. ಈ ದೇಶದಲ್ಲಿ ಎಲ್ಲದಕ್ಕೂ ನಾನೇ ಬಾಯಿಬಿಡಬೇಕಾಗಿ ಬಂದ ಮೇಲೆ, ಹಾಗೆ ಒಬ್ಬರು ಮುಂದೆ ನಿಂತು ಮಾತಾಡಿದರೆ ಎಷ್ಟು ಹಿತವೋ.

ಮರುವರ್ಷ ಫೆಬ್ರವರಿಯಲ್ಲಿ ನಮ್ಮ ವಿಭಾಗವನ್ನು ಡೆಟ್ರಾಯ್ಟ್ ಏರ್‌ಪೋರ್ಟಿನ ಆಫೀಸಿಗೆ ಸೇರಿಸುತ್ತಾರೆ ಎಂದಾಯಿತು. ನಮ್ಮಲ್ಲಿ ಒಬ್ಬರನ್ನು ಇಟ್ಟುಕೊಳ್ಳುತ್ತಾರೆ. ಅವರು ವಾರಕ್ಕೆ ಮೂರು ದಿನ ಅಲ್ಲಿರಬೇಕು. ಅಷ್ಟು ಹೊತ್ತಿಗೆ ನಾನು ಮೂರು ತಿಂಗಳಿಂದ ಒಂದು ದಿನವೂ ನಿಲ್ಲಿಸದೆ ಟೋಲ್‌ವೇ ಓಡಿಸಿದ್ದೆ. ಭಾನುವಾರಗಳಲ್ಲಿ ಒಬ್ಬಳೇ ಇಂಡಿಯಾನಾ ಗಡಿಯವರೆಗೆ ಹೋಗಿ ಬರುತ್ತಿದ್ದೆ. ಕೇಳಿದರೆ ಹೂಂ ಅನ್ನಬೇಕು ಅಂತ ನಾನೂ ನಮ್ಮವರೂ ತೀರ್ಮಾನಿಸಿದ್ದೆವು.

ಯಾರೂ ಕೇಳಲಿಲ್ಲ. ಮ್ಯಾನೇಜರ್ ನನ್ನನ್ನು ಕರೆದು ಬಾಗಿಲು ಹಾಕಿದರು. ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ಸರಿಸಿದರು. ನಿಮಗೆ ಹೈವೇ ಮೇಲೆ ಪ್ಯಾನಿಕ್ ಆಗುತ್ತದೆಂದು ಗೊತ್ತಾಯಿತು, ನಿಮ್ಮ ಗೆಳತಿ ನಿಮ್ಮ ಪರವಾಗಿ ಎಲ್ಲ ವಿವರಿಸಿದ್ದಾರೆ, ನಿಮ್ಮ ಆರೋಗ್ಯವೇ ಮುಖ್ಯ, ಬಲವಂತ ಮಾಡುವುದಿಲ್ಲ, ಅಂದರು. ಎಷ್ಟು ಮೃದುವಾಗಿ! ಬೈದಿದ್ದರೆ ವಾಸಿಯಿತ್ತು. ಆ ಕೆಲಸ ಅಕ್ಕನಿಗೆ ಹೋಯಿತು.

ಸಂಜೆ ಎಂದಿನಂತೆ ಅವರು ನನ್ನ ಕಾರಿನ ಪಕ್ಕ ನಿಂತಿದ್ದರು. ಬೇರೆ ದಾರಿ ಇರಲಿಲ್ಲ, ಮೂವತ್ತು ಮೈಲಿ ಜೊತೆಗೇ ಬರಬೇಕು. ಹೊರಟೆವು. ಮೂರನೇ ಎಕ್ಸಿಟ್ ದಾಟಿದ ಮೇಲೆ ಕೇಳಿದರು.

"ಏನಂದ್ರು?"

"ನೀವು ಹೇಳಿಕೊಟ್ಟಿದ್ದನ್ನೇ ಅಂದ್ರು."

"ನೋಡು, ನಿನ್ನ ಕೇಳಿದ್ರ ನೀ ಹೂಂ ಅಂತಿದ್ದಿ. ಹೂಂ ಅಂದು ಹೋಗಿ, ಅಲ್ಲಿ ನಡು ದಾರ್‍ಯಾಗ ಏನಾರ ಆಗಿದ್ರ?"

"ಏನೂ ಆಗಲ್ಲ ಅಂತ ನನಗೆ ಕಲಿಸಿದ್ದು ಯಾರು?"

ಅವರು ಕಿಟಕಿಯ ಕಡೆ ತಿರುಗಿಕೊಂಡು ಹೇಳಿದರು. "ಇಬ್ಬರೊಳಗ ಒಬ್ಬರ ಹೆಸರು ಹೇಳ್ರಿ ಅಂದ್ರು. ನಾ ಏನ ಮಾಡ್ಲಿ? ನಿನಗ ಗಂಡ ಇದ್ದಾನ."

"ಕೆಲಸ ಇಲ್ಲದೆ ಮನೇಲಿ ಕೂತಿದಾರೆ ಅಕ್ಕಾ. ನಿಮಗೆ ಗೊತ್ತು."

"ಕೂತಿರ್ಲಿ. ಇದ್ದಾನಲ್ಲ."

ಅದೇ ಕೊನೆ. ಅಪಾರ್ಟ್‌ಮೆಂಟಿನ ಮುಂದೆ ಇಳಿಸಿ ಬಂದೆ. ಅವರು ಡೆಟ್ರಾಯ್ಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ತಮ್ಮನ ಮನೆ ಸೇರಿದರು. ತಮ್ಮನೇ ದಿನಾ ಆಫೀಸಿಗೆ ಬಿಟ್ಟು, ಕರೆತರುತ್ತಿದ್ದರಂತೆ. ನಮಗೆ ಹತ್ತು ತಿಂಗಳು ಇನ್ಶೂರೆನ್ಸಿಲ್ಲ. ಮಗಳ ಇನ್ಹೇಲರನ್ನು ನಾಳೆಗಿರಲಿ, ನಾಳೆಗಿರಲಿ ಅಂತ ಉಳಿಸಿ ಉಳಿಸಿ ಕೊಟ್ಟೆ. ನಾನು ಮಾತ್ರೆ ಬಿಟ್ಟೆ, ಕೌನ್ಸೆಲರನ್ನು ಬಿಟ್ಟೆ. ಅದು ಮತ್ತೆ ಬಂತು, ಅಡುಗೆಮನೆಯಲ್ಲಿ, ಅಂಗಡಿಯ ಸಾಲಿನಲ್ಲಿ. ಅದು ಬಂದಾಗಲೆಲ್ಲ ಅವರ ಮಾತೇ ಕಿವಿಯಲ್ಲಿ ಬರುತ್ತಿತ್ತು, ಚಾ ಆರಸ್ದಂಗ ಊದು ಅಂತ. ನನ್ನನ್ನು ಮುಳುಗಿಸಿದವರ ದನಿ ಹಿಡಿದುಕೊಂಡೇ ದಡ ಹತ್ತಬೇಕಾದ್ದು ಎಂಥ ಹಿಂಸೆ! ಉಸಿರು ಬಿಡುತ್ತಿದ್ದೆ, ಜೊತೆಗೆ ಅವರನ್ನು ಬೈಯುತ್ತಿದ್ದೆ.

ಆಮೇಲೆ ಒಂದೇ ಸಲ ಭೇಟಿ. ನಮ್ಮವರಿಗೆ ಡೆಟ್ರಾಯ್ಟ್ ಕಡೆ ಒಂದು ಇಂಟರ್‌ವ್ಯೂ ಇತ್ತು. ಐದು ಗಂಟೆ ದಾರಿ, ನಾನೇ ಓಡಿಸಿದೆ. ಬಂದಿದ್ದೇನೆ ಅಂತ ಫೋನ್ ಮಾಡಿದೆ. ಓಡಿಸಿಕೊಂಡು ಬಂದಿದ್ದೇನೆ ಅಂತ ಅವರಿಗೆ ತಿಳಿಯಬೇಕಿತ್ತು. ತಮ್ಮನ ಮನೆಗೆ ಊಟಕ್ಕೆ ಕರೆದರು. ಅಲ್ಲಿ ಏಳೆಂಟು ಜನ ಹೆಂಗಸರು. ಅಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟು ಎಲ್ಲರಿಗೂ ಪರಿಚಯ ಮಾಡಿದರು. "ಈಕಿಗೆ ಪ್ಯಾನಿಕ್ ಅಟ್ಯಾಕ್ ಬರ್ತಿದ್ವು. ಹೈವೇ ಅಂದ್ರ ಥರಥರ. ನಾನ ಬಾಜೂಕ ಕೂತು ಒಂದೊಂದ ಎಕ್ಸಿಟ್ ಕಲಿಸೀನಿ. ಈಗ ನೋಡ್ರಿ, ಶಿಕಾಗೋದಿಂದ ಬಂದಾಳ!"

"ಅಯ್ಯೋ ಪಾಪ, ಪ್ರಾಣಾಯಾಮ ಮಾಡ್ತೀರಾ?" ಅಂದರು ಒಬ್ಬರು. "ಮಕ್ಕಳಿಗೂ ಬರತ್ತಾ ಅದು?" ಅಂತ ಇನ್ನೊಬ್ಬರು ನನ್ನ ಮಗಳನ್ನೇ ನೋಡಿದರು. ಮಗಳು ತಟ್ಟೆ ಕೆಳಗಿಟ್ಟು, "ವಾಟ್ ಡಸ್ ಶೀ ಮೀನ್, ಅಮ್ಮ?" ಅಂದಳು. ಅಕ್ಕ ಎಲ್ಲರಿಗಿಂತ ಆಚೆ, ಹಿತ್ತಲಿಗೆ ತೆರೆಯುವ ಗಾಜಿನ ಬಾಗಿಲ ಪಕ್ಕ, ನೀರಿನ ಬಾಟಲಿ ತೊಡೆಯ ಮೇಲಿಟ್ಟುಕೊಂಡು ನಗುತ್ತಾ ಕೂತಿದ್ದರು.

ನಿನ್ನೆ ಮೆಟ್ಟಿಲ ಮೇಲೆ ಕೂತಾಗ ಕಣ್ಣಿಗೆ ಬಂದದ್ದು ಆ ಕುರ್ಚಿ. ನಡುದಾರಿಯಲ್ಲಿ ಬಸ್ಸಿಳಿದದ್ದು ಅವರು. ಮದುವೆ ಮನೆಯ ಹಿತ್ತಲಲ್ಲಿ ಕೂತದ್ದು ಅವರು. ಟೋಲ್‌ವೇ ಓಡಿಸಲಾಗದ್ದು ಅವರಿಗೆ. ಓಡಿಸಲಾಗದವಳು ಎಂದು ಮ್ಯಾನೇಜರಿಗೆ ಹೇಳಿದ್ದು ನನ್ನನ್ನು. ತಮ್ಮದನ್ನು ಇಲ್ಲದ ತಂಗಿಗೆ ಕೊಟ್ಟರು, ನನ್ನದನ್ನು ಊರಿಗೆ ಕೊಟ್ಟರು. ಕೆಲಸ ಹೋದದ್ದಕ್ಕಿಂತ ಇದು ಹೆಚ್ಚು ಉರಿಯಿತು. ಆ ಕಾರಿನಲ್ಲಿ ದಿನಾ ಇಬ್ಬರು ರೋಗಿಗಳು ಕೂತು ಹೋಗುತ್ತಿದ್ದೆವು, ಒಬ್ಬಳೇ ಎಂದು ನಂಬಿಸಿ ನನ್ನನ್ನು ಎಷ್ಟು ಒಂಟಿ ಮಾಡಿದ್ದರು. ಒಂದೇ ಒಂದು ಸಲ, "ನನಗೂ ಬರ್ತದ ಹುಡುಗಿ" ಅಂದಿದ್ದರೆ ನಾನು ಆ ಕೆಲಸವನ್ನು ನಾನಾಗಿಯೇ ಬಿಟ್ಟುಕೊಡುತ್ತಿದ್ದೆನೋ ಏನೋ. ಬಿಡುತ್ತಿರಲಿಲ್ಲ ಅನ್ನಿಸುತ್ತದೆ. ಆದರೆ ಜಗಳವಾದರೂ ಸಮಸಮ ಆಡುತ್ತಿದ್ದೆವು.

ಐದೂವರೆಗೆ ನಮ್ಮವರು ಬಂದರು. ಈಗ ಅವರಿಗೆ ಎಲ್ಜಿನ್ ಕಡೆ ಒಂದು ಕೆಲಸ ಸಿಕ್ಕಿದೆ. ಎಲ್ಲ ಹೇಳಿದೆ.

"ಹೇಳಿಬಿಡು ಅವರ ಮನೆಯವರಿಗೆ," ಅಂದರು. "ನಿನ್ನ ಬಗ್ಗೆ ಊರಿಗೆಲ್ಲ ಸಾರಲಿಲ್ವಾ ಆಕೆ?"

"ಅದಕ್ಕೇ ಹೇಳೋಕೆ ಮನಸಿಲ್ಲ."

"ಹಾಗಾದ್ರೆ ಬಿಡು, ಹೇಳ್ಬೇಡ."

"ಹೇಳ್ದಿದ್ರೆ ಆಕೆ ಊಟ ಮಾಡಲ್ಲ."

"ನಿನ್ನ ಜೊತೆ ಮಾತಾಡೋದು ಕಷ್ಟ ಮಾರಾಯ್ತಿ," ಅಂತ ಬೂಟು ಬಿಚ್ಚಲು ಹೋದರು.

ಆರೂಕಾಲಿಗೆ ಫೋನ್ ಮಾಡಿದೆ. "ಅವತ್ತು ಊಟದ ದಿನ ಅಕ್ಕ ನನ್ನ ಬಗ್ಗೆ ಹೇಳಿದ್ರಲ್ಲ, ಆ ಪ್ಯಾನಿಕ್ ಅಟ್ಯಾಕು. ಅದು ಅವರಿಗೂ ಇತ್ತು. ನನಗಿಂತ ಬಹಳ ಹಿಂದಿನಿಂದ. ಎದೆ ಹಿಡಿಯೋದು, ಸತ್ತೇಹೋಗ್ತೀನಿ ಅನ್ನಿಸೋದು, ಹತ್ತು ನಿಮಿಷಕ್ಕೆ ಇಳಿಯೋದು. ಭಾನುವಾರ ಅದೇ ಅಂದುಕೊಂಡ್ರು. ಅದಕ್ಕೇ ನಿಮ್ಮನ್ನ ಕೂರಿಸಿದ್ದು."

ಆಕೆ ಅಂದರು. "ಎರಡು ವರ್ಷ ನಮ್ಮನೇಲಿದ್ರು ರೀ. ಸ್ನಾನಕ್ಕೆ ಹೋದ್ರೆ ಬಾಗಿಲು ಲಾಕ್ ಮಾಡ್ತಿರ್ಲಿಲ್ಲ. ಮನೇಲಿ ಗಂಡುಮಕ್ಕಳಿದಾರೆ, ಇದೇನಿದು ಅಂತ ನಾನು ರೇಗ್ತಿದ್ದೆ." ಅಳುತ್ತಿದ್ದರು. "ಹಾಗಾದ್ರೆ ನನ್ನ ತಪ್ಪಲ್ಲ ಅಂತೀರಾ?"

"ಅವರು ಮೊದಲೇ ನಿಮಗೆ ಹೇಳಿದ್ದಿದ್ರೆ, ಇದು ಪ್ಯಾನಿಕ್ ಅಲ್ಲ, ಹಾರ್ಟೂ ಇರಬಹುದು ಅಂತ ನೀವು ಫೋನ್ ಮಾಡ್ತಿದ್ರಿ. ಹೇಳಲಿಲ್ಲ. ಅದು ನಿಮ್ಮ ತಪ್ಪಲ್ಲ."

ನನಗೆ ಮೊದಲ ಸಲ ಬಂದಾಗ ಡಾಕ್ಟರು ನೋಡುವವರೆಗೂ ಬಿಡದವರು, ತಮಗಾಗಿ ಹಾಗೆ ಹಟ ಹಿಡಿಯಲು ಒಬ್ಬರನ್ನೂ ಇಟ್ಟುಕೊಳ್ಳಲಿಲ್ಲ. ನಾನಿದ್ದೆ. ನನ್ನನ್ನೂ ಕಳೆದುಕೊಂಡರು. ಇದನ್ನು ಆಕೆಗೆ ಹೇಳಲಿಲ್ಲ.

ಫೋನಿಟ್ಟ ಮೇಲೆ ಹಗುರಾದೀತು ಅಂದುಕೊಂಡಿದ್ದೆ. ಆಗಲಿಲ್ಲ. ಅವರನ್ನು ಕೇಳದೆ ಅವರದನ್ನು ಹೇಳಿದೆ. ಕೇಳಿದ್ದರೆ ಬೇಡ ಅನ್ನುತ್ತಿದ್ದರು. ಇಂದಿಗೂ ಅವರ ಮೇಲೆ ನನಗೆ ಸಿಟ್ಟೇ ಇದೆ; ಸತ್ತರೆಂದು ಅದು ಹೋಗಿಲ್ಲ, ಇನ್ನು ಹೇಳಿ ತೀರಿಸಿಕೊಳ್ಳಲು ಎದುರಿಗೆ ಯಾರೂ ಇಲ್ಲ.

ಅಡುಗೆಗೆ ಕೈ ಓಡಲಿಲ್ಲ. ಅನ್ನ, ತಿಳಿಸಾರು, ಸುಟ್ಟ ಹಪ್ಪಳ. ಮಗಳು ಮೂರು ಹಪ್ಪಳ ತಿಂದಳು, ನಮ್ಮವರು ಸಾರಿಗೆ ಉಪ್ಪು ಸಾಲದು ಅಂತ ಹಾಕಿಕೊಂಡರು. ನಾನು ಒಂದು ಹಿಡಿ ಮೊಸರನ್ನ ತಿಂದೆ. ಅಷ್ಟು ಹೊತ್ತಿಗೆ ವೆಸ್ಟ್ ಬ್ಲೂಮ್‌ಫೀಲ್ಡಿನಿಂದ ಮೆಸೇಜ್ ಬಂತು, ಆಕೆ ಎರಡು ಚಪಾತಿ ತಿಂದರಂತೆ. ನಮ್ಮ ಮನೆಯಲ್ಲಿ ಯಾವಾಗಲೂ ಕೊನೆಗೆ ಮಲಗುವವಳು ನಾನು. ನಿನ್ನೆ ಎಂಟೂಮುಕ್ಕಾಲಿಗೆ ಎಲ್ಲರಿಗಿಂತ ಮೊದಲು, ಸೋಫಾದ ಮೇಲೆಯೇ, ನಾನು ಮಲಗಿಬಿಟ್ಟೆನಂತೆ.